ಗಾಂಜಾ ಗಿಡದ ಬದಲು ಒದ್ದೆ ಪಂಚೆ

ಎಂಟಲ್ಲ, ಆರೇ ಪಂಚೆ ಇದ್ದಿರಬೇಕು. ಇಷ್ಟು ವರ್ಷ ಎಂಟು ಎಂದು ಹೇಳಿಕೊಂಡು ಬಂದದ್ದು, ಎಂಟು ಎಂದರೆ ಕೇಳುವವರು ಇನ್ನಷ್ಟು ನಗುತ್ತಾರೆ ಎಂದಿರಬಹುದು. ಪಂಚೆಗಳ ಒಡೆಯನಾದ ನನ್ನ ಗಂಡ ನಾಲ್ಕು ಎನ್ನುತ್ತಾನೆ. ಅವನ ಲೆಕ್ಕವನ್ನೂ ನಾನು ನಂಬುವುದಿಲ್ಲ. ಜಪಾನಿನ ಕಾವಾಸಾಕಿಯ ನಮ್ಮ ಆಫೀಸಿನ ಪರೀಕ್ಷಾ ಕೋಣೆಯಲ್ಲಿ ಅವು ಒದ್ದೆಯಾಗಿ ತೂಗಾಡುತ್ತಿದ್ದವು, ಅವುಗಳನ್ನು ನಾನು ಗಾಂಜಾ ಗಿಡಗಳೆಂದು ಭಾವಿಸಿಕೊಂಡಿದ್ದೆ. ಇಷ್ಟು ಖಚಿತ.

ಕಟ್ಟಡದೊಳಗೆ ದೀಪದ ಬೆಳಕಿನಲ್ಲಿ ಬೆಳೆ ತೆಗೆಯುವವರಿಗೆ ಗಾಳಿಯ ವ್ಯವಸ್ಥೆ ವಿನ್ಯಾಸ ಮಾಡಿಕೊಡುವುದು ನಮ್ಮ ಕೆಲಸ. ಭೂಕಂಪದಲ್ಲಿ ಅಣುಸ್ಥಾವರ ಕೆಟ್ಟು ವಿಕಿರಣ ಹರಡಿದ ನಂತರ ಜನರಿಗೆ ಮಣ್ಣಿನ ಬಗ್ಗೆಯೇ ಹೆದರಿಕೆ ಹತ್ತಿ, ಮಣ್ಣು ಮುಟ್ಟದ ಲೆಟ್ಯೂಸಿಗೆ ಬೇಡಿಕೆ ಬಂದಿತ್ತು. ನಾವು ಲೆಟ್ಯೂಸಿನಲ್ಲಿ ಪಳಗಿದೆವು. ಆಮೇಲೆ ಕೆನಡಾದಿಂದ ಒಂದು ಕೆಲಸ ಬಂತು. ಅಲ್ಲಿನ ಸರ್ಕಾರದ ಪರವಾನಗಿ ಪಡೆದ ಕಂಪನಿ, ಔಷಧಕ್ಕೆಂದು ಗಾಂಜಾ, ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿಯ ಮನುಷ್ಯನ ಗುರುತು ಸಿಗದಷ್ಟು ದೊಡ್ಡ ಕಟ್ಟಡ. ಜಪಾನಿನಲ್ಲಿ ಆ ಗಿಡದ ಒಂದೆಲೆ ಜೇಬಿನಲ್ಲಿ ಸಿಕ್ಕರೂ ಪೊಲೀಸರು ಹಿಡಿಯುತ್ತಾರೆ. ಹಾಗಾಗಿ ನಕಾಶೆಗಳ ಮೇಲೆಲ್ಲ ‘ಎಲೆ ತರಕಾರಿ’ ಎಂದು ಬರೆದೆವು. ಬರೆದು ಬರೆದು ನಂಬಿಯೂ ಬಿಟ್ಟೆವು.

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ‘ಕಾಚೋ’ ಎಂದೇ ಕರೆಯುತ್ತಿದ್ದರು. ಅವರು ಲೆಟ್ಯೂಸಿನ ತೇವಾಂಶದ ಲೆಕ್ಕವನ್ನೇ ಎತ್ತಿ ಹೊಸ ಕಟ್ಟಡಕ್ಕೆ ಇಟ್ಟರು. ದೀಪ ಉರಿಯುವಾಗ ಕೋಣೆ ಬಿಸಿಯಾಗುತ್ತದೆ, ಎಸಿ ಓಡುತ್ತದೆ, ಓಡುತ್ತಾ ತೇವವನ್ನೂ ಎಳೆದುಹಾಕುತ್ತದೆ. ದೀಪ ಆರಿಸಿದೊಡನೆ ಕೋಣೆ ತಣ್ಣಗಾಗಿ ಎಸಿ ನಿಲ್ಲುತ್ತದೆ. ಎಲೆ ಮಾತ್ರ ನೀರು ಬಿಡುತ್ತಲೇ ಇರುತ್ತದೆ. ಲೆಟ್ಯೂಸ್ ಹೇಗೋ ತಡೆದುಕೊಳ್ಳುತ್ತದೆ. ಗಾಂಜಾದಲ್ಲಿ ಬೇಕಾದದ್ದು ಹೂವು. ಒತ್ತಾದ ಆ ಹೂವಿನೊಳಗೆ ಬೂಷ್ಟು ಹಿಡಿದರೆ ಇಡೀ ಬೆಳೆ ಕಸ. ತೇವ ತೆಗೆಯುವ ಯಂತ್ರಗಳು ಇದರ ಎರಡರಷ್ಟು ಬೇಕು ಎಂದೆ.

“ಲೆಟ್ಯೂಸಿಗೆ ಸಾಕಾಗಿದೆಯಲ್ಲ,” ಎಂದರು ಕಾಚೋ.

“ಲೆಟ್ಯೂಸಿನ ಹೂವನ್ನು ಯಾರೂ ಮಾರುವುದಿಲ್ಲ, ಕಾಚೋ.”

“ನೀವು ಆ ಗಿಡ ನೋಡಿದ್ದೀರಾ?”

“ಇಲ್ಲ.”

“ನಾನೂ ನೋಡಿಲ್ಲ. ಅಲ್ಲಿಗೆ ಇಬ್ಬರೂ ಸಮ.”

ಗಿಡ ತರುವಂತಿಲ್ಲ. ಪರೀಕ್ಷೆ ಮಾಡಿ ತೋರಿಸಲು ನೀರು ಬಿಡುವ ಬೇರೇನಾದರೂ ಬೇಕಿತ್ತು. ಮನೆಗೆ ಹೋಗಿ ಬೀರು ತೆಗೆದೆ. ವಾಕೋ ಊರಿನ ಸಂಶೋಧನಾ ಸಂಸ್ಥೆಯ ಕೆಲಸ ಮುಗಿಸಿ ಆಗ ತಾನೇ ಬಂದಿದ್ದ ಗಂಡ ಬಾಗಿಲಲ್ಲೇ ನಿಂತ.

“ಟವೆಲ್ ತಗೊಂಡು ಹೋಗೇ. ಗಾಂಜಾಗೆ ನನ್ ಪಂಚೆನೇ ಬೇಕಾ?”

“ಟವೆಲ್ ದಪ್ಪ. ಇದು ಎಲೆ ಥರ ತೆಳ್ಳಗಿದೆ.”

“ಕಲೆ ಆದ್ರೆ ನಿಮ್ ಕಾಚೋನೇ ಬಂದು ಒಗೀಲಿ. ಬರೀ ಸುಮಿಮಾಸೆನ್, ತಪ್ಪಾಯ್ತು ಅಂದ್ರೆ ನಾನು ಕೇಳಲ್ಲ.”

ಮರುದಿನ ಮಧ್ಯಾಹ್ನ ಪಂಚೆಗಳನ್ನು ನೆನೆಸಿ, ಹಿಂಡಿ, ಒಂದೊಂದನ್ನೂ ತೂಗಿ, ಹಗ್ಗಕ್ಕೆ ಹಾಕಿ ಕೋಣೆಯ ದೀಪ ಆರಿಸಿದೆ. ಸ್ವಲ್ಪ ಹೊತ್ತಿಗೆಲ್ಲ ಬಾಗಿಲಿನ ಗಾಜಿನ ಮೇಲೆ ಒಳಗಿನಿಂದ ನೀರಿಳಿಯತೊಡಗಿತು. ಕಾಚೋ ಬಂದು ನೋಡಿದರು. ನನ್ನ ನೆನಪಿನಲ್ಲಿ ಅವರು ನಗುತ್ತಾರೆ. ಆದರೆ ಆಫೀಸಿನಲ್ಲಿ ಅವರು ನಕ್ಕದ್ದನ್ನು ನಾನು ಯಾವತ್ತೂ ಕಂಡಿಲ್ಲ, ಆದ್ದರಿಂದ ಆ ನಗುವನ್ನು ತೆಗೆದುಹಾಕುತ್ತೇನೆ.

“ಎಲೆ ಕತ್ತಲಾದರೆ ತನ್ನ ರಂಧ್ರಗಳ ಬಾಯಿ ಮುಚ್ಚಿಕೊಳ್ಳುತ್ತದೆ,” ಎಂದರು. “ನಿಮ್ಮ ಬಟ್ಟೆ ಮುಚ್ಚಿಕೊಳ್ಳುವುದಿಲ್ಲ.”

“ನಾನೂ ಮುಚ್ಚಿಕೊಳ್ಳುವುದಿಲ್ಲ” ಎಂದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅಂದಿರಲಾರೆ. ನನ್ನ ಜಪಾನಿ ಅಷ್ಟು ಚುರುಕಾಗಿರಲಿಲ್ಲ. ಪೂರ್ತಿ ಮುಚ್ಚುವುದಿಲ್ಲ ಎಂದಷ್ಟೇ ಅಂದಿರಬೇಕು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಉಳಿದರ್ಧಕ್ಕಾಗಿ ನಾನು ಜಗಳಕ್ಕೆ ನಿಂತೆ.

ನಕಾಶೆ ಹೊರಬೀಳಬೇಕಾದರೆ ಐವರ ಮುದ್ರೆ ಬೇಕು. ಹಾಳೆಯ ಮೂಲೆಯಲ್ಲಿ ಐದು ಚೌಕ, ಅದರಲ್ಲೊಂದು ನನ್ನದು. ಒಬ್ಬೊಬ್ಬರೂ ತಮ್ಮ ಹೆಸರು ಕೆತ್ತಿದ ಪುಟ್ಟ ಮುದ್ರೆಯನ್ನು ಕೆಂಪು ಶಾಯಿಗೆ ಅದ್ದಿ ಒತ್ತುತ್ತಾರೆ. ನಾನು ಒತ್ತಲಿಲ್ಲ. ಹಾಳೆ ನನ್ನ ಮೇಜಿನ ಮೇಲೆ ಬಿದ್ದಿತ್ತು, ಎಲ್ಲರೂ ಅದರ ಸುತ್ತ ಮೆಲ್ಲಗೆ ಓಡಾಡುತ್ತಿದ್ದರು, ಮಧ್ಯಾಹ್ನದ ಊಟಕ್ಕೆ ನನ್ನನ್ನು ಕರೆಯುವುದು ನಿಂತಿತು.

“ಕೆಲಸ ನಿಂತಿದೆ,” ಎಂದರು ಕಾಚೋ ಮೂರನೆಯ ದಿನ.

“ಯಂತ್ರ ಸೇರಿಸಿ. ಈಗಲೇ ಒತ್ತುತ್ತೇನೆ.”

“ಒಂದು ಮುದ್ರೆ ಅಷ್ಟೇ.”

“ಅಷ್ಟೇ ಆದರೆ ಅದಿಲ್ಲದೆಯೇ ಕಳಿಸಿ.”

ಕಳಿಸಿದರು. ನಾಲ್ಕು ಮುದ್ರೆ, ಒಂದು ಖಾಲಿ ಚೌಕ. ಪಂಚೆಗಳ ತೂಕವನ್ನೂ ನಾನು ಕೇಳಿದ ಯಂತ್ರಗಳನ್ನೂ ಬರೆದು, ನನ್ನದೇ ಒಂದು ಹಾಳೆಯನ್ನು ಹಿಂದೆ ಪಿನ್ ಮಾಡಿದ್ದೆ. ತಿಂಗಳೊಳಗೆ ನನ್ನನ್ನು ಮತ್ತೆ ಲೆಟ್ಯೂಸಿಗೆ ಹಾಕಿದರು. ನಾಳೆ ಅದೇ ನಕಾಶೆ ನನ್ನ ಮುಂದೆ ಬಂದರೂ ನಾನು ಒತ್ತುವುದಿಲ್ಲ.

ಕಟ್ಟಡವೇನೋ ಎದ್ದಿತು. ಆಫೀಸಿಗೆ ಬಂದ ಒಂದೇ ಒಂದು ಫೋಟೋದಲ್ಲಿ ಬಿಳಿ ಗೋಡೆ, ಹೊಳೆಯುವ ಗಾಳಿ ಕೊಳವೆಗಳು; ಯಂತ್ರಗಳಿರಬೇಕಾದ ಕಡೆ ಏಣಿ ಹತ್ತಿದ ಕೆಲಸಗಾರನ ಬೆನ್ನು. ನನ್ನ ಹಾಳೆ ಕೆನಡಾಕ್ಕೆ ಹೋಯಿತೇ ಎಂದು ಕಾಚೋ ನಿವೃತ್ತರಾಗುವ ವಾರ ಕೇಳಿದೆ. “ಹೋಗಿರಬೇಕು,” ಎಂದರು.

ಆ ಹಾಳೆಯನ್ನು ಯಾರಾದರೂ ಓದಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಅಲ್ಲಿ ಹೂವು ಉಳಿಯಿತೋ ಕೊಳೆಯಿತೋ, ಅದೂ ಗೊತ್ತಿಲ್ಲ.