ದಸ್ತಗೀರ್ ಚಾಚಾನ ಕೋಲಿನ ಹಿಡಿ

ಮೊನ್ನೆ ರಾಮದುರ್ಗದ ಪಂಕ್ಚರ್ ಅಂಗಡಿಯೊಂದರಲ್ಲಿ ಸ್ಕೂಟರಿನ ಗಾಲಿ ಬಿಚ್ಚಿಸಿ ಕೂತಿದ್ದೆ. ಅಂಗಡಿಯವನು ಟ್ಯೂಬನ್ನು ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ. ರಬ್ಬರು, ಪೆಟ್ರೋಲು ಕೂಡಿದ ಆ ವಾಸನೆ ನಿಮಗೂ ಗೊತ್ತಿರುತ್ತದೆ. ಕೆಲವರಿಗೆ ಅದು ಇಷ್ಟ, ಕೆಲವರಿಗೆ ತಲೆಸುತ್ತು. ನನಗೆ ಮಾತ್ರ ಎಡಗಿವಿಯ ಪಕ್ಕದಲ್ಲಿ ಏನೋ ಗಾಳಿ ಸೀಳಿಕೊಂಡು ಹೋದಂತಾಗಿ ತಲೆ ತಾನಾಗಿ ತಗ್ಗುತ್ತದೆ. ಮೊನ್ನೆಯೂ ತಗ್ಗಿತು.

"ಏನ್ರಿ ಸರ, ನೊಣಾ ಏನ?" ಎಂದ ಅಂಗಡಿಯವನು.

ಹೌದೆಂದೆ. ಗಾಲ್ಫ್ ಕೋಲು ಎಂದಿದ್ದರೆ ಗಾಲಿ ಬಿಟ್ಟು ನನ್ನನ್ನೇ ನೋಡುತ್ತ ಕೂರುತ್ತಿದ್ದ.

ನಾಲ್ಕು ವರ್ಷದ ಹಿಂದೆ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದೆ. ಊರಿಗೆ ಹೊಸಬ, ಮದುವೆಯಿಲ್ಲದವ, ಬಾಡಿಗೆ ಖೋಲಿಯಲ್ಲಿ ಒಬ್ಬನೇ. ದಿನವಿಡೀ ಮೌನ ಕಾಪಾಡುವುದು ನನ್ನ ನೌಕರಿ. ಸಂಜೆ ಖೋಲಿಗೆ ಬಂದ ಮೇಲೂ ಅದೇ ನೌಕರಿ ಮುಂದುವರಿಯುತ್ತಿತ್ತು. ಭಾನುವಾರಗಳಂದು ಸಂಗೊಳ್ಳಿ ರಸ್ತೆಯ ಕಡೆ ಸುಮ್ಮನೆ ನಡೆಯುತ್ತಿದ್ದೆ. ಹಾಗೆ ನಡೆಯುವಾಗ ಒಮ್ಮೆ, ಹೆಸರುಕಾಳಿನ ಬೆಳೆ ಕಿತ್ತು ಖಾಲಿಯಾಗಿದ್ದ ಎರೆಹೊಲದ ನಡುವಿನಿಂದ ಬಿಳಿಗಡ್ಡದ ಒಬ್ಬರು "ಬಾಜೂ ಸರೀರಿ" ಎಂದು ಕೂಗಿದರು. ಸುತ್ತ ನೋಡಿದೆ. ನಾನೊಬ್ಬನೇ ಇದ್ದೆ, ಅದೂ ನೂರು ಮಾರು ದೂರದಲ್ಲಿ. ಆದರೂ ಸರಿದೆ. ಅವರು ಕೈಯಲ್ಲಿದ್ದ ಕೋಲನ್ನು ಬೀಸಿದರು. ಬಿಳಿಯ ಚೆಂಡೊಂದು ಎದ್ದು, ಬೆಳವದ ಹಕ್ಕಿಯಂತೆ ತೇಲಿ, ಆಚೆ ಬದುವಿನ ಹತ್ತಿರ ಬಿತ್ತು.

ಅವರೇ ದಸ್ತಗೀರ್ ಚಾಚಾ. ಬೆಳಗಾವಿ ಕಡೆಯ ಗಾಲ್ಫ್ ಮೈದಾನವೊಂದರಲ್ಲಿ ಮೂವತ್ತು ವರ್ಷ ಆಟಗಾರರ ಕೋಲು ದುರಸ್ತಿ ಮಾಡಿದವರು. ನೌಕರಿ ಬಿಡುವಾಗ ಯಾರೋ ಸಾಹೇಬರು ಕೊಟ್ಟ ಒಂದು ಕೋಲು, ಮೂರು ಚೆಂಡು ಹಿಡಿದುಕೊಂಡು ತಮ್ಮಂದಿರ ತುಂಬಿದ ಮನೆಗೆ ಬಂದು ಸೇರಿದ್ದರು. ಹೆಸರು ಕಿತ್ತ ಮೇಲೆ ಹಿಂಗಾರಿ ಜೋಳ ಬಿತ್ತುವವರೆಗೆ ಆ ಹೊಲ ಅವರ ಮೈದಾನ. ಮುಂದಿನ ಭಾನುವಾರದಿಂದ ನಾನು ಚೆಂಡು ಹೆಕ್ಕಿ ತರುವವನಾದೆ. ಎರಡು ಸ್ನಾತಕೋತ್ತರ ಪದವಿಗಳಿಗೆ ಅದಕ್ಕಿಂತ ಒಳ್ಳೆಯ ಉಪಯೋಗ ನನ್ನ ಜೀವನದಲ್ಲಿ ಆವರೆಗೆ ಸಿಕ್ಕಿರಲಿಲ್ಲ.

ಪ್ರತಿ ಹೊಡೆತಕ್ಕೆ ಮೊದಲು ಅವರು ಹಿಂದೆ ಮುಂದೆ ನೋಡಿ "ಬಾಜೂ ಸರೀರಿ" ಎನ್ನುತ್ತಿದ್ದರು. ಖಾಲಿ ಹೊಲಕ್ಕೂ ಅದೇ ಮರ್ಯಾದೆ. ಅವರ ಹೆಂಡತಿ ಮಾಬೂಬಿ ಚಾಚಿ ಚಹಾದ ಕಿಟ್ಲಿ ಹಿಡಿದು ಬಂದು ಬದುವಿನ ಮೇಲೆ ಕೂತು ನಗುತ್ತಿದ್ದರು.

"ಯಾರಿಗ್ರಿ ಹೇಳಾಕತ್ತೀರಿ? ಬೆಳ್ಳಕ್ಕಿಗೇನ?"

"ಬೆಳ್ಳಕ್ಕೀಗೂ ತಲಿ ಇರತೈತಿ, ನಿನ್ನಂಗ."

ನನ್ನನ್ನು ಅವರಿಬ್ಬರೂ ಮಾಸ್ತರ ಎನ್ನುತ್ತಿದ್ದರು. ನಾನು ಪಾಠ ಮಾಡುವವನಲ್ಲ ಎಂದು ಒಮ್ಮೆ ತಿದ್ದಲು ಹೋಗಿದ್ದೆ. "ಕಾಲೇಜಿನಾಗ ಪಗಾರ ತಗೊಳ್ಳಾವ್ರೆಲ್ಲ ಮಾಸ್ತರಽ" ಎಂದು ಚಾಚಿ ತೀರ್ಪು ಕೊಟ್ಟುಬಿಟ್ಟರು. ವಾರದ ಏಳು ದಿನಗಳಲ್ಲಿ ನನ್ನನ್ನು ಯಾರಾದರೂ ತಪ್ಪಾಗಿಯಾದರೂ ಪ್ರೀತಿಯಿಂದ ಕರೆಯುತ್ತಿದ್ದದ್ದು ಆ ಒಂದು ಮುಂಜಾನೆ.

ಚಾಚಾನದೊಂದು ವಾರ್ಷಿಕ ಪದ್ಧತಿಯಿತ್ತು. ದಸರೆಯ ಖಂಡೆಪೂಜೆಗೆ ಎಲ್ಲರ ಮನೆಯಲ್ಲಿ ಕುಡಗೋಲು, ಕುಂಟೆ, ಟ್ರ್ಯಾಕ್ಟರು ತೊಳೆದು ಪೂಜೆಗಿಟ್ಟರೆ, ಇವರು ಅದರ ಹಿಂದಿನ ದಿನ ಕೋಲಿನ ಹಿಡಿಯ ರಬ್ಬರು ಬದಲಿಸುತ್ತಿದ್ದರು. ಮೈದಾನದ ದುರಸ್ತಿ ಖೋಲಿಯಲ್ಲಿ ಹಾಗೆಯೇ ನಡೆಯುತ್ತಿತ್ತಂತೆ. ಹೊಸ ಹಿಡಿ ಇಲ್ಲದ ಕೋಲಿಗೆ ಅಲ್ಲಿ ಹೂವು ಏರಿಸುತ್ತಿರಲಿಲ್ಲ. ಹಿಡಿ ಬದಲಿಸಲು ಕಾಲವಾಯಿತೇ ಎಂದು ನೋಡಲು ಅವರು ಹೆಬ್ಬೆರಳ ಉಗುರು ಊರುತ್ತಿದ್ದರು.

"ನೋಡ್ರಿ ಮಾಸ್ತರ, ಉಗುರು ಇಳೀಬೇಕು. ಇಳೀಲಿಲ್ಲಂದ್ರ ರಬ್ಬರ್ ಸತ್ತೈತಿ. ಸತ್ತದ್ದು ಮ್ಯಾಲ ಮಿಂಚತೈತಿ, ಜನಾ ಛಲೋ ಐತಿ ಅಂತ ತಿಳೀತಾರ. ಆಮ್ಯಾಲ ಬಿಗಿ ಹಿಡೀತಾರ. ಬಿಗಿ ಹಿಡದಷ್ಟೂ ಕೈ ಸೋಲತೈತಿ."

ಆ ವರ್ಷ ಶ್ರಾವಣದಲ್ಲೇ ಅವರ ಕೋಲಿನ ಮೇಲೆ ಉಗುರು ಇಳಿಯಲಿಲ್ಲ. ಹೊಸ ಹಿಡಿ ಸಿಗುವುದು ಬೆಳಗಾವಿಯ ಒಂದೇ ಆಟದ ಸಾಮಾನಿನ ಅಂಗಡಿಯಲ್ಲಿ. "ನೀವು ಹೆಂಗೂ ಪ್ರತಿ ಶನಿವಾರ ಹೊಕ್ಕೀರಲ್ಲ, ಒಂದು ತಂದಬಿಡ್ರಿ. ಖಂಡೆಪೂಜಿ ಒಳಗ ಆದ್ರ ಸಾಕು" ಎಂದು ಅಂಗಡಿಯ ಗುರುತು ಹೇಳಿದರು.

ಪ್ರತಿ ಶನಿವಾರ ಹೋಗುತ್ತಿದ್ದೆ, ನಿಜ. ಖೋಲಿಯಲ್ಲಿ ಇರಲಾರದೆ ಹೋಗುತ್ತಿದ್ದೆ. ಬಸ್ಸಿಳಿದು ಒಂದು ಹೋಟೆಲಿನಲ್ಲಿ ಕೂತು, ದೋಸೆ ತಿಂದು, ಗದ್ದಲ ಕೇಳಿ, ಮರಳಿ ಬಸ್ಸು ಹತ್ತುತ್ತಿದ್ದೆ. ಆ ಅಂಗಡಿ ಹೋಟೆಲಿನಿಂದ ಹತ್ತು ನಿಮಿಷದ ದಾರಿ. ಮೊದಲ ವಾರ ಮರೆತೆ. ಎರಡನೆಯ ವಾರ ನೆನಪಿತ್ತು, ಮಳೆಯಿತ್ತು. ಮೂರನೆಯ ವಾರ ಮಳೆಯೂ ಇರಲಿಲ್ಲ. ಮೂರೂ ಸಲ ಚಾಚಾನಿಗೆ ಹೇಳಿದ್ದು ಒಂದೇ: "ಅಂಗಡಿ ಬಂದ್ ಇತ್ತು." ಬೆನ್ನು ಕಿತ್ತ ಪುಸ್ತಕಗಳ ಪಟ್ಟಿ ಬರೆದು, ಅದನ್ನು ಬೈಂಡಿಂಗಿನವನಿಗೆ ಕಳಿಸದೆ ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟ ಮನುಷ್ಯ ನಾನು. ಒಂದು ತುಂಡು ರಬ್ಬರು ಅವಸರದ್ದು ಎಂದು ನನಗೆ ಅನ್ನಿಸಲೇ ಇಲ್ಲ.

ಆಮೇಲೆ ಅವರು ಕೇಳಲಿಲ್ಲ, ನಾನು ತರಲಿಲ್ಲ; ಖಂಡೆಪೂಜೆ ಬಂತು, ಹೋಯಿತು. ಹಳೆಯ ಹಿಡಿಯ ಕೋಲಿಗೆ ಆ ಸಲ ಹೂವಿರಲಿಲ್ಲ. ಮರು ಭಾನುವಾರ ನಸುಕಿನಲ್ಲಿ ತುಂತುರು ಬಿದ್ದು ನಿಂತಿತ್ತು. ನಾನು ಚಾಚಾನ ಮುಂದೆ ಎಡಗಡೆಗೆ ಇಪ್ಪತ್ತು ಹೆಜ್ಜೆ ದೂರ ನಿಂತಿದ್ದೆ. ನನ್ನ ಹಿಂದೆ ಬದುವಿನ ಮೇಲೆ ಚಾಚಿ. ಅವರು ಕೈ ಒರೆಸಿಕೊಂಡರು, "ಬಾಜೂ ಸರೀರಿ" ಎಂದರು, ಬೀಸಿದರು. ಚೆಂಡು ಹೋಗಿದ್ದನ್ನು ನಾನು ನೋಡಲಿಲ್ಲ. ಅವರ ಎರಡೂ ಕೈ ಖಾಲಿಯಾಗಿ ಮೇಲೆ ಎತ್ತಿದಂತೆ ಇದ್ದವು, ಅಷ್ಟು ಕಂಡೆ. ಕಿವಿಯ ಪಕ್ಕ ಗಾಳಿ ಸೀಳಿತು. ಹಿಂದೆ ಠಣ್ ಎಂದಿತು.

ತಿರುಗಲು ಎಷ್ಟು ಹೊತ್ತು ಹಿಡಿಯಿತೋ. ಇಂದಿಗೂ ನಾನು ಆ ತಿರುಗುವಿಕೆಯಲ್ಲೇ ಇದ್ದೇನೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಚಾಚಿಗೆ ಏನೂ ಆಗಲಿಲ್ಲ. ಕೋಲಿನ ಕಬ್ಬಿಣದ ತಲೆ ಅವರ ಮೊಣಕಾಲಿನಿಂದ ಒಂದು ಗೇಣು ಆಚೆ ಇದ್ದ ಕಿಟ್ಲಿಯನ್ನು ಚಪ್ಪಟೆ ಮಾಡಿತ್ತು. ಚಹಾ ಎರೆಮಣ್ಣಿನಲ್ಲಿ ಇಂಗುತ್ತಿತ್ತು.

"ಚಹಾ ಬ್ಯಾಡಾಗಿದ್ರ ಬಾಯಿಲೆ ಹೇಳಬೇಕಿಲ್ರಿ" ಎಂದರು ಚಾಚಿ. ಹೇಳಿ, ನಗಲು ನೋಡಿದರು. ಕಿಟ್ಲಿಯನ್ನು ಅಲ್ಲೇ ಬಿಟ್ಟು ಬದುವಿನಿಂದ ಕೆಳಗಿಳಿದರು.

ಚಾಚಾ ನಿಂತಲ್ಲೇ ಕೂತು ತಮ್ಮ ಖಾಲಿ ಅಂಗೈ ನೋಡಿಕೊಂಡರು. "ತಪ್ಪು ನಂದು. ಗೊತ್ತಿದ್ದೂ ಹಿಡದೆ" ಎಂದು ನನಗೆ ಹೇಳಿದರು, ನನಗೆ. ನಾನು ಆಗ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಕೋಲು ಹೆಕ್ಕಿ ತಂದು ಅವರ ಪಕ್ಕದಲ್ಲಿಟ್ಟು, ಕೆಲಸವಿದೆ ಎಂದು ಖೋಲಿಗೆ ಬಂದೆ. ಯಾವ ಕೆಲಸವೂ ಇರಲಿಲ್ಲ.

ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದೂ. ಮುಂದಿನ ಶನಿವಾರಗಳಂದು ಬೆಳಗಾವಿಗೂ ಹೋಗಲಿಲ್ಲ. ಹೊಲದಲ್ಲಿ ಜೋಳ ಮೊಣಕಾಲುದ್ದ ಬೆಳೆದ ಮೇಲೆ ಒಂದು ದಿನ ಎದ್ದು ಬೆಳಗಾವಿಗೆ ಹೋಗಿ, ಹತ್ತೇ ನಿಮಿಷದಲ್ಲಿ ಹಿಡಿ ಕೊಂಡು, ಸೀದಾ ಅವರ ಮನೆಗೆ ಬಂದೆ. ಅಂಗಡಿ ಬಂದ್ ಇರಲೇ ಇಲ್ಲವೆಂದು ಹೊಸ್ತಿಲಲ್ಲೇ ಹೇಳಿದೆ.

"ಗೊತ್ತೈತ್ರಿ" ಎಂದರು ಚಾಚಾ. "ಮೂವತ್ತು ವರ್ಷ ಆ ಅಂಗಡಿಗೆ ಹೋಗೇನಿ. ಶನಿವಾರ ಅದು ಬಂದ್ ಇರೂದಿಲ್ಲ."

"ಮತ್ತ ಯಾಕ ಕೇಳಲಿಲ್ರಿ?"

"ಕೇಳಿದ್ರ ನೀವು ಬರೂದು ಬಿಡ್ತಿದ್ರಿ."

ಕೇಳದಿದ್ದರೂ ಬಿಟ್ಟಿದ್ದೆನಲ್ಲ. ಆಮೇಲೆ ಅವರು ಕೋಲು ತಂದು, ಹಳೆಯ ರಬ್ಬರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿದರು. ಕೋಲಿನ ಬರಿಯ ಕೊಳವೆಗೆ ಎರಡೂ ಕಡೆ ಅಂಟುವ ಪಟ್ಟಿ ಸುತ್ತಿದರು. ಹೊಸ ಹಿಡಿಯ ತುದಿಯ ತೂತಿಗೆ ಬೆರಳು ಒತ್ತಿ, ಒಳಗೆ ಪೆಟ್ರೋಲು ಹೊಯ್ದು, ಅಲುಗಾಡಿಸಿ, ಅದನ್ನು ಪಟ್ಟಿಯ ಮೇಲೆ ಸುರಿದು, ಒಂದೇ ಉಸಿರಿನಲ್ಲಿ ಹಿಡಿಯನ್ನು ಏರಿಸಿದರು. "ನಡುವ ನಿಂತ್ರ ಅಲ್ಲೇ ಅಂಟತೈತಿ" ಎಂದರು. ಆ ವಾಸನೆ ಪಡಸಾಲೆ ತುಂಬಿತು; ಕಿವಿಯ ಪಕ್ಕ ಮತ್ತೆ ಗಾಳಿ ಸೀಳಿದಂತಾಗಿ ನನ್ನ ತಲೆ ಮೊದಲ ಸಲ ತಾನಾಗಿ ತಗ್ಗಿತು. ಚಾಚಿ ಬಾಗಿಲವರೆಗೆ ಬಂದವರು, ಕೋಲು ಕಂಡು ಒಳಗೆ ಹೋದರು. ಚಹಾ ಅವರ ಸೊಸೆ ತಂದರು.

ಚಾಚಾ ಉಗುರು ಊರಿ ನೋಡಿ ಕೋಲನ್ನು ನನ್ನ ಕೈಗೆ ಕೊಟ್ಟರು. "ನಿಮ್ಮ ಹತ್ರ ಇರ್ಲಿ. ಈ ಮನ್ಯಾಗ ಇನ್ನ ಇದು ಬ್ಯಾಡ. ವರ್ಷಕ್ಕೊಮ್ಮೆ ಬದಲಿ ಮಾಡ್ರಿ, ಆಡ್ರಿ ಬಿಡ್ರಿ."

ನನಗೆ ರಾಮದುರ್ಗಕ್ಕೆ ವರ್ಗವಾಗಿ ಎರಡು ವರ್ಷವಾಯಿತು. ಇಲ್ಲೂ ಒಂದು ಖೋಲಿ, ಒಂದು ಮೌನದ ನೌಕರಿ. ಮೊನ್ನೆ ಗಾಲಿ ಕೂಡಿಸಿದ ಮೇಲೆ ಅಂಗಡಿಯವನಿಂದ ಸಣ್ಣ ಬಾಟಲಿಯಲ್ಲಿ ಪೆಟ್ರೋಲು ಕೇಳಿ ತಂದೆ. ದಸರೆಗೆ ಇನ್ನೂ ತಿಂಗಳಿದೆ, ಆದರೆ ಉಗುರು ಇಳಿಯುತ್ತಿರಲಿಲ್ಲ. ಹಿಡಿ ಮೊದಲೇ ತಂದಿಟ್ಟಿದ್ದೆ. ನಡುವೆ ನಿಲ್ಲದಂತೆ ಏರಿಸಿದೆ. ಇಲ್ಲಿಯ ಕಾಲೇಜಿನ ಬೈಂಡಿಂಗಿನ ಪಟ್ಟಿಯನ್ನೂ ಈ ಸಲ ಕಳಿಸಿದೆ.

ಇವತ್ತು ಭಾನುವಾರ. ಮಲಪ್ರಭೆಯ ದಂಡೆಯ ಹೊಲವೊಂದರಲ್ಲಿ ಹೆಸರು ಕಿತ್ತಿದ್ದಾರೆ. ಒಡೆಯನನ್ನು ಕೇಳಿ, ನಸುಕಿನಲ್ಲಿ ಕೋಲು, ಒಂದು ಚೆಂಡು ಹಿಡಿದು ಹೋದೆ. ನಿಂತು, ಮೊದಲು ಹಿಂದೆ ತಿರುಗಿ ನೋಡಿದೆ. ಬದುವಿನ ಮೇಲೆ ಯಾರೂ ಇರಲಿಲ್ಲ. ಮುಂದೆ ನೋಡಿದೆ, ಎರಡೂ ಬದಿಗೆ ನೋಡಿದೆ.

"ಬಾಜೂ ಸರೀರಿ" ಎಂದೆ, ಕೇಳುವಷ್ಟು ಜೋರಾಗಿ. ಯಾರಾದರೂ ಸರಿಯುವಷ್ಟು ಹೊತ್ತು ಕಾದೆ.

ಆಮೇಲೆ ಬೀಸಿದೆ.