ಎಂಜಿನ್ ಶೆಡ್ಡಿಗೆ ದೀಪ ಹಾಕಿದ್ದು

ನನ್ನ ಅಣ್ಣನಿಗೆ ಗ್ಲಾಕೋಮಾ ಎಂದು ಮಣಿಪಾಲದ ಡಾಕ್ಟರು ಹೇಳುವ ಹೊತ್ತಿಗೆ ಎರಡೂ ಬದಿಯ ನೋಟ ಹೋಗಿಯಾಗಿತ್ತು. ನಡುವೆ ಒಂದು ತೂತಿನಷ್ಟು ಮಾತ್ರ ಉಳಿದಿತ್ತು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಆದಷ್ಟು ದಿನ ಉಳಿಸಿಕೊಳ್ಳುವ ಎಂದರು ಅವರು. ಕಾಪುವಿನಲ್ಲಿ ಅಣ್ಣ ಬಸ್ಸು ಇಳಿಯುವಾಗ ನನ್ನ ಮೊಣಕೈ ಹಿಡಿದು, "ನನಗೊಂದು ಶೆಡ್ಡು ಮಾಡಿಕೊಡು ಮಾರಾಯ" ಎಂದ.

ಕೋಳಿಗೂಡಿನ ಮಾತಿರಬೇಕು ಎಂದುಕೊಂಡೆ. ಅತ್ತಿಗೆ ಬಹಳ ಸಮಯದಿಂದ ಅದಕ್ಕಾಗಿ ಪೀಡಿಸುತ್ತಿದ್ದರು.

ಅವನು ಕೇಳಿದ್ದು ರೈಲ್ವೆ ಎಂಜಿನ್ ಶೆಡ್ಡು. ನಮ್ಮ ಕಡೆಗೆ ರೈಲು ಬರುವ ಎಷ್ಟೋ ಮೊದಲೇ ಅಣ್ಣ ಘಟ್ಟ ಹತ್ತಿ, ಬಯಲುಸೀಮೆಯ ಒಂದು ಜಂಕ್ಷನ್ನಿನಲ್ಲಿ ಫಿಟ್ಟರ್ ಆಗಿ ಸೇರಿದವನು. ಉಗಿ ಎಂಜಿನ್ನುಗಳ ಕೊನೆಗಾಲ. ಆ ಶೆಡ್ಡನ್ನು ಕೆಡವಿ ವರ್ಷಗಳಾದವು. ಅವನ ಹತ್ತಿರ ಅದರ ಒಂದು ಫೋಟೋ ಸಹ ಇಲ್ಲ. ದುಡಿಯುವ ಜಾಗದ ಫೋಟೋ ಯಾರು ತೆಗೆಸುತ್ತಾರೆ? ರಾತ್ರಿ ಪಾಳಿಗೆ ಹೋಗುವಾಗ ಹಳಿ ದಾಟುವ ಸೇತುವೆಯ ಮೇಲಿಂದ ಶೆಡ್ಡಿನ ಹಳದಿ ದೀಪಗಳೆಲ್ಲ ಒಟ್ಟಿಗೆ ಕಾಣುತ್ತಿದ್ದವಂತೆ. ಊರು ಬಿಟ್ಟು ಹೋದ ಹೊಸದರಲ್ಲಿ ಅವನಿಗೆ ಧೈರ್ಯ ಕೊಟ್ಟದ್ದು ಅದೊಂದೇ.

"ದೊಡ್ಡದು ಯಾವುದೂ ಈಗ ನನ್ನ ಕಣ್ಣಿಗೆ ಹಿಡಿಸುವುದಿಲ್ಲ" ಎಂದ. "ನಿನ್ನ ಮೂಗು ನೋಡಿದರೆ ಕಿವಿ ಇರುವುದಿಲ್ಲ. ಸಣ್ಣದು ಮಾಡಿ ಸ್ವಲ್ಪ ದೂರ ಇಟ್ಟರೆ ಪೂರ್ತಿ ಹಿಡಿಸುತ್ತದೆ. ದೀಪ ಎಲ್ಲ ಒಮ್ಮೆಗೇ ನೋಡಬೇಕು. ಇದೂ ಹೋಗುವುದರೊಳಗೆ."

"ಅವರ ಕಿವಿ ಕಾಣದಿದ್ದರೆ ಒಳ್ಳೆಯದೇ" ಎಂದರು ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅತ್ತಿಗೆ. "ಸಣ್ಣದಿರುವಾಗ ಹಿಂಡಿ ಹಿಂಡಿ ಉದ್ದ ಮಾಡಿದ್ದು ನೀವೇ ಅಲ್ವಾ."

ನನ್ನದು ಉಡುಪಿಯಲ್ಲಿ ಫೋಟೋಗೆ ಚೌಕಟ್ಟು ಹಾಕುವ ಸಣ್ಣ ಅಂಗಡಿ. ಕತ್ತರಿಸುವುದು, ಅಂಟಿಸುವುದು ಗೊತ್ತು. ಎಂಜಿನ್ ಶೆಡ್ಡು ಕನಸಿನಲ್ಲಿಯೂ ಕಂಡದ್ದಿಲ್ಲ. ಭಾನುವಾರ ಭಾನುವಾರ ಕಾಪುವಿಗೆ ಹೋಗಿ ಅವನು ಹೇಳಿದಂತೆ ಮಾಡುತ್ತಾ ಬಂದೆ. ಗೋಡೆಗೆ ಕಾಲೇಜಿನ ಮಕ್ಕಳು ಮಾದರಿ ಮಾಡಲು ಒಯ್ಯುವ ದಪ್ಪ ರಟ್ಟು. ಕಲ್ಲಿದ್ದಲ ರಾಶಿಗೆ ಸುಟ್ಟ ತೆಂಗಿನ ಗೆರಟೆಯ ಮಸಿ. ಹಳಿಯ ನಡುವೆ ಸುರಿಯಲು ಕಾರ್ಕಳದ ಕೋರೆಯ ಕಲ್ಲುಪುಡಿ, ಅದನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಅತ್ತಿಗೆಯಿಂದ ಬೈಸಿಕೊಂಡದ್ದು ಬೇರೆ. ಗೋಡೆಗೆ ತಾಗಿಸಿ ನಿಲ್ಲಿಸುವ ದೀಪದ ಕಂಬಕ್ಕೆ ಬರೆದು ಮುಗಿದ ಪೆನ್ನಿನ ಹಿತ್ತಾಳೆ ಕಡ್ಡಿ. ಕಂಬದ ಒಳಗೆ ಹೋಗುವ ಕೂದಲಿನಂಥ ತಂತಿಯನ್ನು ಕಾರ್ಕಳದಲ್ಲಿ ಮೋಟಾರು ಸುತ್ತುವ ಅಂಗಡಿಯವರು ಕೊಟ್ಟರು. ದೀಪದ ಟೋಪಿಗೆ ಅಣ್ಣನ ಮಾತ್ರೆಯ ಪಟ್ಟಿಯ ತಗಡು. ಅದನ್ನು ದುಂಡಗೆ ಕತ್ತರಿಸಿ, ಪೆನ್ನಿನ ಹಿಂಬದಿಯಿಂದ ಅಂಗೈಯಲ್ಲಿ ಒತ್ತಿದರೆ ಕೊಡೆಯ ಹಾಗೆ ಬಾಗುತ್ತಿತ್ತು. ಅದರ ಒಳಗೆ ಸಾಸಿವೆಯಷ್ಟು ಎಲ್‌ಇಡಿ. ಬೆಳಕು ತೀರಾ ಬಿಳಿಯಾಯಿತೆಂದು ಅರಿಶಿನ ಕಲಸಿದ ವಾರ್ನಿಷ್ ಹಚ್ಚಿದೆವು. ಒಂದೊಂದು ದೀಪವನ್ನೂ ಅಣ್ಣ ಮೂಗಿನ ಹತ್ತಿರ ತಂದು, ಉಳಿದ ಆ ತೂತಿನಲ್ಲಿ ತೂರಿಸಿ ನೋಡಿ, "ಹೌದು, ಇದೇ" ಎನ್ನುತ್ತಿದ್ದ.

ಕೆಟ್ಟದ್ದು ಮಾಡಿನಲ್ಲಿ, ಶೆಡ್ಡಿನ ಚಾವಣಿಯಲ್ಲಿ.

"ಇಳಿಜಾರು ಎಷ್ಟಿತ್ತು?" ಎಂದು ಕೇಳಿದ್ದೆ. ಅಣ್ಣ ಎರಡು ಅಂಗೈ ಜೋಡಿಸಿ ತೋರಿಸಿದ. ಅದೇ ಅಳತೆಗೆ ಕತ್ತರಿಸಿದೆ. ಸೂರು ಗೋಡೆಯಿಂದ ಎಷ್ಟು ಹೊರಗೆ ಬರಬೇಕೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಎರಚಲು ಗೋಡೆಗೆ ಹೊಡೆಯದಂತೆ ನಮ್ಮಲ್ಲಿ ಎಷ್ಟು ಬಿಡುತ್ತಾರೋ ಅಷ್ಟು ಬಿಟ್ಟೆ. ಚೌಕಟ್ಟಿನವನ ಅಂಟು, ಹಾಕಿದರೆ ಮತ್ತೆ ಏಳುವ ಮಾತಿಲ್ಲ.

ಮಳೆಗಾಲಕ್ಕೆ ಮೊದಲು ಒಂದು ಸಂಜೆ ಕಿಟಕಿ ಮುಚ್ಚಿ ದೀಪ ಹಾಕಿದೆ. ಪೂರ್ತಿ ಹಿಡಿಸುವಷ್ಟು ದೂರವೆಂದು ಅಣ್ಣನೇ ಗುರುತು ಮಾಡಿಕೊಂಡ ಬಾಗಿಲ ಬಳಿ ನಿಂತಿದ್ದ.

"ಹಾಕು" ಎಂದ.

"ಹಾಕಿದ್ದೇನೆ."

"ಕತ್ತಲೆ ಉಂಟಲ್ಲ."

ಆಯಿತು, ಎಲ್ಲ ಮುಗಿಯಿತು ಎನಿಸಿತು ನನಗೆ. ಹೋಗಿ ಅವನ ಪಕ್ಕದಲ್ಲಿ ನಿಂತು ನೋಡಿದರೆ ನನಗೂ ಕಾಣಲಿಲ್ಲ. ಅಷ್ಟು ಎತ್ತರದಿಂದ ನೋಡಿದಾಗ ಗೋಡೆಯ ದೀಪಗಳನ್ನೆಲ್ಲ ಸೂರು ನುಂಗಿಬಿಟ್ಟಿತ್ತು. ಅಣ್ಣನ ಕಣ್ಣಲ್ಲ, ನನ್ನ ಮಾಡು. ಅದನ್ನು ಹೇಳಿ ನಾನು ನಕ್ಕೆ. ಅಣ್ಣ ನಗಲಿಲ್ಲ. ಮೇಜಿನ ಹತ್ತಿರ ಬಂದು ಸೂರಿನ ಅಂಚನ್ನು ಬೆರಳಿನಲ್ಲಿ ಸವರಿದ.

"ಇದು ನಮ್ಮ ಮನೆಯ ಮಾಡು" ಎಂದ. "ಅಲ್ಲಿ ಮಳೆ ಎಲ್ಲಿ ಮಾರಾಯ? ಇಷ್ಟು ಕಡಿದು ಇರಲೇ ಇಲ್ಲ."

"ನೀನು ತೋರಿಸಿದ್ದು ಹೀಗೆಯೇ."

"ನಾನಾ?"

ಮತ್ತೆ ಅಂಗೈ ಜೋಡಿಸಿದ. ಈ ಸಲ ಬೇರೆ ಇಳಿಜಾರು ಬಂತು. ಸರಿಯಲ್ಲವೆಂದು ಬಿಡಿಸಿ ಮತ್ತೆ ಜೋಡಿಸಿದ, ಅದೂ ಬೇರೆ. ಕೊನೆಗೆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. "ಗೊತ್ತಾಗುವುದಿಲ್ಲ" ಎಂದ. ಇಷ್ಟು ವರ್ಷ ನಮ್ಮ ಹಂಚಿನ ಕೆಳಗೆ ಮಲಗಿ, ಆ ಶೆಡ್ಡಿನ ಮಾಡು ಯಾವಾಗ ಅವನ ತಲೆಯಿಂದ ಜಾರಿತೋ ಅವನಿಗೇ ತಿಳಿದಿರಲಿಲ್ಲ. ಕಣ್ಣು ಹೋಗುತ್ತದೆಂದು ಹೆದರಿದವನಿಗೆ, ಒಳಗಿಟ್ಟುಕೊಂಡದ್ದೂ ಹೋಗಿದೆಯೆಂದು ನಾನು ರಟ್ಟು ಕತ್ತರಿಸಿ ತೋರಿಸಿದ ಹಾಗಾಯಿತು.

"ಇಳಿಜಾರು ಹೇಗೂ ಇರಲಿ. ದೀಪ ಕಂಡರೆ ಸಾಕು" ಎಂದ ಕೊನೆಗೆ.

ಮಾಡು ಕೀಳುವಾಗ ಗೋಡೆ ಸಿಗಿದು ಬಂತು. ಗೋಡೆಯ ಜೊತೆ ತಂತಿ ಕಡಿಯಿತು. ಮೊದಲಿನಿಂದ ಶುರು ಮಾಡಬೇಕಾಯಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಕಡಲಿನ ಗಾಳಿಗೆ ಬೆಸುಗೆಯೆಲ್ಲ ಹಸಿರುಗಟ್ಟುತ್ತಿತ್ತು. ಈ ವಾರ ಉರಿದ ದೀಪ ಮುಂದಿನ ವಾರ ಇಲ್ಲ. ರಟ್ಟು ನೀರು ಕುಡಿದು ಹಪ್ಪಳದ ಹಾಗೆ ಬಾಗಿತು. ಅದನ್ನು ಅಂಗಡಿಗೆ ಒಯ್ದು, ಚೌಕಟ್ಟಿನ ಗಾಜುಗಳ ಅಡಿಯಲ್ಲಿಟ್ಟು ನೇರ ಮಾಡಿ, ಉಳಿದ ಕೆಲಸವನ್ನೂ ಅಲ್ಲಿಯೇ ಮಾಡುತ್ತಾ ಬಂದೆ. ಅಣ್ಣ ಒಮ್ಮೆಯೂ ಅವಸರ ಮಾಡಲಿಲ್ಲ. ಹೋದಾಗಲೆಲ್ಲ ಗೋಡೆಯ ಮೇಲಿನ ಗಡಿಯಾರದ ಕಡೆ ಮುಖ ಮಾಡಿ ಗಂಟೆ ಹೇಳುತ್ತಿದ್ದ. ಎಷ್ಟು ಉಳಿದಿದೆ ಎಂಬ ಪರೀಕ್ಷೆ ಅದು. ಸರಿಯಾಗಿದ್ದರೆ ಅತ್ತಿಗೆ "ಹೂಂ" ಎನ್ನುತ್ತಿದ್ದರು. ಬರಬರುತ್ತಾ ತಪ್ಪಿದರೂ "ಹೂಂ" ಎನ್ನತೊಡಗಿದರು.

ದೀಪಾವಳಿ ಕಳೆದ ಮೇಲೆ ಅತ್ತಿಗೆ ಫೋನು ಮಾಡಿದರು. "ನಿನ್ನೆ ಬಟ್ಟಲಲ್ಲಿ ಕೈಯಾಡಿಸಿ ಅನ್ನ ಹುಡುಕಿದರು. ಆದಷ್ಟು ಬೇಗ ತನ್ನಿ."

ಯಾರದೋ ಮದುವೆಯ ಫೋಟೋವನ್ನು ಅರ್ಧಕ್ಕೆ ಬಿಟ್ಟು, ಶೆಡ್ಡನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಈಗ ಮಾಡು ತಗ್ಗಾಗಿತ್ತು, ಸೂರು ಇರಲಿಲ್ಲ. ಸಂಜೆ ಕಿಟಕಿ ಮುಚ್ಚಿ ಸ್ವಿಚ್ಚು ಒತ್ತಿದೆ. ಎಲ್ಲವೂ ಉರಿದವು. ಗೋಡೆಯುದ್ದಕ್ಕೂ ಹಳದಿ ಬೆಳಕು ಗೆರಟೆಯ ಮಸಿಯ ಮೇಲೆ ಬಿದ್ದು ಅದು ನಿಜವಾದ ಕಲ್ಲಿದ್ದಲೇ ಆಗಿತ್ತು. ನನ್ನ ಕೈಯಿಂದ ಇಷ್ಟು ಚಂದದ್ದು ಇನ್ನೊಂದು ಆಗಿಲ್ಲ.

ಅಣ್ಣ ಬಾಗಿಲ ಬಳಿಯಿಂದ ಮುಖವನ್ನು ಆಚೆ ಈಚೆ ತಿರುಗಿಸಿದ, ತೂತಿಗೆ ಸಿಗುತ್ತದೋ ಎಂದು. "ಈ ಸಲವೂ ಸೂರು ಹೊರಗೆ ಬಿಟ್ಟೆಯಾ?" ಎಂದ.

ಹೌದೆನ್ನಬಹುದಿತ್ತು. ನನ್ನ ಬಾಯಿಂದ ಬರಲಿಲ್ಲ. "ಇಲ್ಲ ಅಣ್ಣ" ಎಂದೆ.

ಅವನು ನಡೆದು ಬಂದು, ಮೇಜು ತಡವಿ, ಒಂದು ದೀಪದ ಟೋಪಿಯ ಅಡಿಗೆ ಬೆರಳು ಹಿಡಿದ. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದ. ಎಲ್‌ಇಡಿಗೆ ಬಿಸಿ ಎಂಬುದಿಲ್ಲ.

"ತಣ್ಣಗೆ ಉಂಟು" ಎಂದ. "ಆರಿಸು. ಸುಮ್ಮನೆ ಬ್ಯಾಟರಿ ಹಾಳು."

ಸ್ವಿಚ್ಚನ್ನು ಎರಡು ಸಲ ಒತ್ತಿದೆ, ಆರಿಸಿದ ಸದ್ದು ಅವನಿಗೆ ಕೇಳಲೆಂದು. ದೀಪಗಳು ಉರಿಯುತ್ತಲೇ ಇದ್ದವು. ಅತ್ತಿಗೆ ಚಹಾ ತಂದವರು ಅವುಗಳನ್ನೂ ನನ್ನನ್ನೂ ನೋಡಿದರು. ಲೋಟವನ್ನು ಅವನ ಕೈಗೆ ಹಿಡಿಸಿ ಪಕ್ಕದಲ್ಲಿ ಕುಳಿತರು.