ಕೆಂಪಿಯನ್ನು ಕೊಲ್ಲಲು ನೀನು ಯಾರು?

ಕಳೆದ ವಾರ ನಮ್ಮ ಕೆಂಪಿಯನ್ನು ಕೊಂದರು. ವಾಟ್ಸಾಪಿನಲ್ಲಿ. ಕೊನೆಗೊಂದು ಕೈಮುಗಿದ ಎಮೋಜಿ ಬೇರೆ!

ಗಾಬರಿಯಾಗಬೇಡಿ, ಕೆಂಪಿ ಹರಿಗೋಲು ಹಾಕುವ ಹೆಂಗಸು. ಇರುವುದು ನಮ್ಮ ಆಟದಲ್ಲಿ ಮಾತ್ರ. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಬಾಯಲ್ಲೇ ಕಥೆ ಕಟ್ಟುವ ಆಟ. ಕ್ಯಾತನಹಳ್ಳಿಯ ಜಯಂತಿ ಮೇಡಂ (ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ) ಮನೆ ಹಜಾರದಲ್ಲಿ ವರ್ಷಗಟ್ಟಲೆ ಭಾನುವಾರ ಸೇರಿ ನಾವೈದು ಜನ ಕಟ್ಟಿದ ಲೋಕದ ಹೆಸರು ಕಪ್ಪುಹೊಳೆ ಸೀಮೆ. ಕೆಂಪಿ ಜಯಂತಿಯ ಪಾತ್ರ. ಮೊದಲು ಬಾಣಂತಿಯರನ್ನು ದಾಟಿಸುತ್ತಾಳೆ, ರಾಜನ ಸೈನಿಕರು ಆಮೇಲೆ.

ಮೊದಲ ಮ್ಯಾಪು ಬರೆದವನು ನಾಗಮಂಗಲದ ಪ್ರಕಾಶ. ಒಪ್ಪೋಣ. ಅದರಲ್ಲಿ ಇದ್ದದ್ದೇನು? ಒಂದು ಹೊಳೆ, ಎರಡು ಗುಡ್ಡ. ಈಗ ಅವನು ಇಡೀ ಸೀಮೆಯನ್ನೇ ಒಂದು ಗೇಮ್ ಕಂಪನಿಗೆ ಬರೆದುಕೊಟ್ಟಿದ್ದಾನೆ. ಅವನದೇ ಮೆಸೇಜು: ಕಂಪನಿ ತರುವ ಆಟದ ಹೊಸ ಪುಸ್ತಕದಲ್ಲಿ ಹೊಳೆ ಬತ್ತಿದೆಯಂತೆ, ಕೆಂಪಿ ಸತ್ತಿದ್ದಾಳಂತೆ. ಇನ್ನು ಕಂಪನಿಯ ಪರ್ಮಿಷನ್ ಇಲ್ಲದೆ ನಾವು ಆಡಬಾರದಂತೆ!

ಜಯಂತಿ ಅವನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು.

"ಲೇ ಪ್ರಕಾಸ, ಯಾರ್ನ ಕೇಳಿ ಕೆಂಪಿನ ಸಾಯಿಸ್ದೆ ಕಣ್ಲಾ?"

"ಸೀಮೆ ನಂದು ಕಣಮ್ಮಿ. ಮುಯ್ಯಾಳಿಗೆ ಬಂದೋರು ಗದ್ದೆ ಕೇಳ್ತಾರಾ?"

ನನಗೆ ಮೈಯೆಲ್ಲ ಉರಿಯಿತು. ಮುಯ್ಯಾಳು ಅಂದರೆ ಗೊತ್ತಲ್ಲ? ಇವತ್ತು ನಿನ್ನ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀನು. ನಮ್ಮ ಆಟವೂ ಹಾಗೇ ನಡೆದದ್ದು. ಕಥೆ ನಡೆಸುವ ಸರದಿ ವಾರಕ್ಕೊಬ್ಬರದು. ಪ್ರಕಾಶ ಮದುವೆ, ಮನೆ ಅಂತ ಕೈಕೊಟ್ಟಾಗಲೆಲ್ಲ ಅವನ ಸರದಿ ಎತ್ತಿದವರು ಜಯಂತಿಯೇ.

"ಗದ್ದೆ ನೀನೇ ಇಟ್ಕೊಳ್ಲಾ," ಅಂದರು ಜಯಂತಿ. "ನಮ್ಮ ಮುಯ್ಯಿ ತೀರಿಸ್ದೆ ಎಲ್ಗೋಯ್ತಿದ್ದೀಯ?"

ಫೋನು ಕಟ್ಟಾಯಿತು.

ಪ್ರಕಾಶ ಪುಸ್ತಕ ಮಾಡಲಿ, ಹೆಸರು ಹಾಕಿಕೊಳ್ಳಲಿ, ಹೊಟ್ಟೆಕಿಚ್ಚಿಲ್ಲ. ಆದರೆ ನಮ್ಮ ಮೇಜಿನ ಮೇಲೆ ಮುಂದೇನಾಗಬೇಕು ಅಂತ ಹೇಳಲು ಅವನ ಕಂಪನಿ ಯಾವ ಊರ ದೊಣ್ಣೆನಾಯಕ? ಕೆಂಪಿ ಬದುಕಬೇಕೋ ಸಾಯಬೇಕೋ ಅನ್ನುವುದು ಅವಳನ್ನು ಇಷ್ಟು ವರ್ಷ ಆಡಿದವರ ಮಾತು. ಮೇಜಿಗೆ ಬಂದು ದಾಳ ಹಾಕಿ ಕೊಲ್ಲಲಿ, ತಲೆಬಾಗುತ್ತೇವೆ. ಮೆಸೇಜಿನಲ್ಲಿ ಕೊಲ್ಲುವುದು ಹೇಡಿತನ.

ಅದಕ್ಕಿಂತ ಸಿಟ್ಟು ಬಂದದ್ದು ಕೆ.ಆರ್. ಪೇಟೆಯ ಗೆಳೆಯರಿಬ್ಬರ ಮೇಲೆ. "ಯಾಕ್ ಸುಮ್ನೆ? ಕೇಸು ಗೀಸು ಅಂದ್ರೆ ಕಷ್ಟ, ಬುಟ್ಬುಡಿ" ಅಂತ ಗ್ರೂಪಿನಿಂದ ಜಾರಿಕೊಂಡರು. ಯಾವ ಕೇಸು? ಯಾರ ಮನೆ ಹಜಾರದಲ್ಲಿ ಯಾರು ಏನು ಮಾತಾಡಿದರು ಅಂತ ಕೇಸು ಹಾಕ್ತಾರಾ? ಜಯಂತಿ ಅದನ್ನು ಓದಿದರು. ದಾಳಗಳನ್ನು ಡಬ್ಬಿಗೆ ತುಂಬತೊಡಗಿದರು. ನಾನು ಡಬ್ಬಿ ಕಿತ್ತುಕೊಂಡೆ.

ಈ ಭಾನುವಾರ ಆಟ ಇದೆ. ನಾವಿಬ್ಬರೇ ಆದರೂ ಸರಿ.

ನಾವೇ ಹೆದರಿ ಎದ್ದುಹೋದರೆ, ಆ ಹೊಳೆಯಲ್ಲಿ ಕಂಪನಿಯವರು ಬಂದು ಹರಿಗೋಲು ಹಾಕ್ತಾರಾ?